ಲೋಡ್ ಇದ್ರೆ ಸದ್ದಿಲ್ಲ, ಖಾಲಿ ಇದ್ರೆ ಗುಂಯ್: ಬೊಲೆರೊ ಕೆಳಗೆ ಐದು ಭಾನುವಾರ

"ಹಿಂದ್ಗಡೆ ಯಾರೋ ತಮಟೆ ಬಡೀತಾ ಕೂತಂಗೈತೆ ಕಣ್ಲಾ" ಅಂತ ಅವ್ವ ಮೇಲುಕೋಟೆಯಿಂದ ವಾಪಸ್ ಬರೋವಾಗ ಅಂದ್ಲು. ಅವತ್ತೇ ತೀರ್ಮಾನ ಮಾಡ್ದೆ, ಇನ್ನು ಯಾರ ಕೈಗೂ ಬಿಡೋದು ಬೇಡ, ನಾನೇ ಕೆಳಗೆ ಮಲಗಿ ನೋಡ್ತೀನಿ ಅಂತ.

ಗಾಡಿ 2009ರ ಬೊಲೆರೊ, 2523 ಸಿಸಿ ಡೀಸೆಲ್ಲು, ಮೀಟ್ರು 2,38,000 ದಾಟಿದೆ. ಪಾಂಡವಪುರದ ಹತ್ರ ನಮ್ಮೂರು, ಅಪ್ಪ ಆಲೆಮನೆ ನಡೆಸ್ತಿದ್ದ ಕಾಲದಲ್ಲಿ ತಗೊಂಡಿದ್ದು, ಅಚ್ಚು ಬೆಲ್ಲ ತುಂಬ್ಕೊಂಡು ಮಂಡ್ಯ ಮಾರ್ಕೆಟ್ಟಿಗೆ ಎಷ್ಟು ಸಲ ಹೋಗಿದೆಯೋ ಲೆಕ್ಕ ಇಲ್ಲ. ಈಗ ಆಲೆಮನೆ ನಿಂತು ಆರು ವರ್ಷ ಆಯ್ತು, ನಾನು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಮಾಡೋನು, ವಾರದಲ್ಲಿ ನಾಕು ದಿನ ಇದೇ ಗಾಡೀಲಿ ಓಡಾಟ. ಎಂಜಿನ್ ಇವತ್ತಿಗೂ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದೇಳುತ್ತೆ, ಹೊಗೆ ಇಲ್ಲ, ಆಯಿಲ್ ಕುಡಿಯಲ್ಲ. ಅಂಥ ಗಾಡಿ ಕೆಳಗಡೆ ಸದ್ದು ಅನ್ನೋ ಒಂದೇ ಕಾರಣಕ್ಕೆ ಮಾರ್ಬಿಡು ಅಂತ ಸಲಹೆ ಕೊಟ್ಟವರು ಬೇಕಾದಷ್ಟು ಜನ, ನನಗೆ ಮನಸ್ಸಾಗ್ಲಿಲ್ಲ.

ಈ ಸದ್ದಿಗೆ ಹೋದ ವರ್ಷದಿಂದ ಒಂದು ಗ್ಯಾರೇಜಿನಲ್ಲಿ 11,000 ರೂಪಾಯಿ ಹತ್ರ ಕೊಟ್ಟಿದ್ದೆ. ಮೊದ್ಲು ವೀಲ್ ಬ್ಯಾಲೆನ್ಸ್ ಅಂದ್ರು, ಮಾಡಿಸ್ದೆ. ಆಮೇಲೆ ಹಿಂದಿನ ಶಾಕ್ ಅಬ್ಸಾರ್ಬರ್ ಹೋಗಿದೆ ಅಂದ್ರು, ಎರಡೂ ಹೊಸದು ಹಾಕಿಸ್ದೆ. ಅದಾದ್ಮೇಲೆ ಎಂಜಿನ್ ಫೌಂಡೇಶನ್ ರಬ್ಬರು (ಎಂಜಿನ್ ಕೂತಿರೋ ರಬ್ಬರು) ಅಂದ್ರು, ಅದೂ ಆಯ್ತು. ಪ್ರತೀ ಸಲ ಗಾಡಿ ತಗೊಂಡು ಶ್ರೀರಂಗಪಟ್ಟಣ ದಾಟೋ ಹೊತ್ತಿಗೆ ಅದೇ ಗುಂಯ್. ಅವರು ಬೇಕು ಅಂತ ಮೋಸ ಮಾಡಿದ್ರು ಅಂತ ನಾನು ಹೇಳಲ್ಲ, ಆದ್ರೆ ಒಬ್ಬರೂ ಒಂದು ಸಲನೂ ಗಾಡಿ ಓಡಿಸ್ಕೊಂಡು ಹೋಗಿ ಕೂತು ಕೇಳ್ಲಿಲ್ಲ, ಅದು ನನಗೆ ಬೇಜಾರು. ಸದ್ದು ಓಡೋವಾಗ ಬರೋದು, ನಿಂತಿರೋ ಗಾಡಿ ನೋಡಿ ಪಾರ್ಟು ಬದಲಾಯಿಸಿದ್ರೆ ಹೆಂಗೆ.

ಹಾಗಾಗಿ ಮೊದಲನೇ ಭಾನುವಾರ ನಾನು ಒಂದು ಬೋಲ್ಟೂ ಮುಟ್ಲಿಲ್ಲ. ಬರೀ ಓಡಿಸ್ದೆ. ಪಕ್ಕದಲ್ಲಿ ತಮ್ಮನ್ನ ಕೂರಿಸ್ಕೊಂಡು ಅವನ ಕೈಗೆ ನೋಟ್‌ಬುಕ್ ಕೊಟ್ಟೆ, ಯಾವ ಸದ್ದು, ಎಷ್ಟು ಸ್ಪೀಡು, ಯಾವ ಗೇರು, ರಸ್ತೆ ಹೆಂಗಿತ್ತು, ಎಲ್ಲಾ ಬರೆಯೋದು ಅವನ ಕೆಲಸ. ಚಾನಲ್ ಏರಿ ಮೇಲೆ ಒಂದು ರೌಂಡು, ಊರೊಳಗಿನ ಹಂಪುಗಳ ಮೇಲೆ ಒಂದು ರೌಂಡು, ಆಮೇಲೆ ಬೆಳಗ್ಗೆ ಆರು ಗಂಟೆಗೇ ಮೈಸೂರು ರಸ್ತೆ. ಮನೆಗೆ ಬಂದು ನೋಟ್‌ಬುಕ್ ನೋಡಿದ್ರೆ, ಒಂದು ಸದ್ದು ಅಂತ ಒಂದು ವರ್ಷದಿಂದ ಅಂದ್ಕೊಂಡಿದ್ದು ಮೂರು ಸದ್ದು. ನಿಂತಲ್ಲೇ ಐಡ್ಲಿಂಗಲ್ಲಿ ಬರೋ ಜರ್ರ್ ಅನ್ನೋ ಸದ್ದು, ಸ್ವಲ್ಪ ಆಕ್ಸಿಲರೇಟರ್ ಕೊಟ್ರೆ ಹೋಗುತ್ತೆ, ಆಫ್ ಮಾಡೋವಾಗ ಒಂದು ಸಲ ಠಣ್ ಅನ್ನುತ್ತೆ. ಎರಡನೇದು ಕೆಟ್ಟ ರಸ್ತೇಲಿ ಹಿಂದಿನಿಂದ ಕಟಕಟ, ಅವ್ವನ ತಮಟೆ ಅದು. ಮೂರನೇದು 55ರಿಂದ 65ರ ಒಳಗೆ ನೆಲಕ್ಕೆಲ್ಲಾ ಹರಡೋ ಗುಂಯ್, ಕಾಲಿಟ್ರೆ ಪಾದಕ್ಕೆ ಇರುವೆ ಹರಿದಂಗೆ ಆಗುತ್ತೆ, ನೀರಿನ ಬಾಟ್ಲಿ ಸೀಟಿನ ಮೇಲೆ ಇಟ್ರೆ ನೀರಿನಲ್ಲಿ ಸಣ್ಣ ಸಣ್ಣ ಗೆರೆ ಏಳುತ್ತೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪಂಗೆ ಓದಿ ಹೇಳಿದ್ರೆ ಅವರು ಒಂದೇ ಮಾತು ಅಂದ್ರು. "ಲೋಡ್ ಹಾಕ್ಕಂಡ್ ಹೋಗಪ್ಪ, ಸದ್ದೇ ಇರಲ್ಲ. ಖಾಲಿ ಇದ್ರೆ ಮಾತ್ರ ಈ ಗಾಡಿ ಕಿರ್ಚಾಡೋದು."

ನಾನು ಅದನ್ನ ಅವತ್ತು ಅಷ್ಟಾಗಿ ತಲೆಗೆ ಹಾಕ್ಕೊಳ್ಲಿಲ್ಲ. ಲೋಡ್ ಇದ್ರೆ ಎಲ್ಲಾ ಗಾಡಿನೂ ಕುಳಿತು ಗಟ್ಟಿಯಾಗಿ ಹೋಗುತ್ತೆ, ಅದೇನು ವಿಶೇಷ ಅಂತ ಬಿಟ್ಟೆ. ಆ ಮಾತಿನ ಬೆಲೆ ಗೊತ್ತಾಗಿದ್ದು ನಾಕನೇ ಭಾನುವಾರ.

ಕೆಳಗೆ ಮಲಗೋ ವ್ಯವಸ್ಥೆ ಬಗ್ಗೆ ಮೊದ್ಲೇ ಹೇಳ್ಬಿಡ್ತೀನಿ. ನಮ್ಮ ಟ್ರಾಕ್ಟರ್ ಶೆಡ್ಡಿಗೆ ಕಾಂಕ್ರೀಟ್ ನೆಲ ಇದೆ, ಅಲ್ಲೇ ಮಾಡಿದ್ದು. ಜಾಕಿ ಎತ್ತೋಕೆ ಮಾತ್ರ, ಗಾಡಿ ನಿಲ್ಲಬೇಕಾಗಿರೋದು ಸ್ಟ್ಯಾಂಡ್ ಮೇಲೆ, ಅದೂ ಚಾಸಿಸ್ ಅಡಿಗೋ, ಹೌಸಿಂಗ್ (ಹಿಂದಿನ ಎರಡು ಚಕ್ರದ ನಡುವಿನ ದಪ್ಪ ಕಬ್ಬಿಣದ ಕೊಳವೆ) ಅಡಿಗೋ ಕೊಟ್ಟು. ಇಟ್ಟಿಗೆ ಪೇರಿಸಿ, ಸಿಮೆಂಟ್ ಇಟ್ಟಿಗೆ ಮೇಲೆ ನಿಲ್ಲಿಸಿ ಒಳಗೆ ಹೋಗೋರನ್ನ ನೋಡಿದ್ದೀನಿ, ಸಿಮೆಂಟ್ ಇಟ್ಟಿಗೆ ಹೇಳದೆ ಕೇಳದೆ ಒಡೆದು ಪುಡಿ ಆಗುತ್ತೆ, ದಯವಿಟ್ಟು ಮಾಡ್ಬೇಡಿ. ನಾಕು ಸ್ಟ್ಯಾಂಡು ಒಳ್ಳೇದು ತಗೊಂಡ್ರೆ ಜೀವಮಾನ ಬರುತ್ತೆ. ಮುಂದಿನ ಚಕ್ರಕ್ಕೆ ಎರಡೂ ಕಡೆ ಮರದ ತುಂಡು ಕೊಟ್ಟು, ಗಾಡಿನ ಒಂದು ಸಲ ಕೈಯಲ್ಲಿ ಜೋರಾಗಿ ಅಲ್ಲಾಡಿಸಿ ನೋಡಿ ಆಮೇಲೇ ಒಳಗೆ ಹೋಗೋದು. ಮನೇಲಿ ಒಬ್ಬರಿಗೆ ಹೇಳಿಟ್ಟಿರೋದು.

ಜರ್ರ್ ಸದ್ದು ಬೇಗ ಸಿಕ್ತು. ನಾಕು ಸಿಲಿಂಡರ್ ಡೀಸೆಲ್ ಎಂಜಿನ್ನು ಒಂದು ಸುತ್ತಿಗೆ ಎರಡು ಸಲ ಉರಿಯುತ್ತೆ, 800 ಆರ್‌ಪಿಎಂ ಐಡ್ಲಿಂಗ್ ಅಂದ್ರೆ ಸೆಕೆಂಡಿಗೆ 26 ಚಿಲ್ಲರೆ ಹೊಡೆತ, ಆ ಹೊತ್ತಲ್ಲಿ ಎಂಜಿನ್ ಫೌಂಡೇಶನ್ ಮೇಲೆ ಜಾಸ್ತಿ ತೂಗಾಡೋದು, ಸ್ಪೀಡ್ ಏರಿದ್ರೆ ಸಮ ಆಗುತ್ತೆ. ಎಂಜಿನ್ ಜೊತೆ ಸೈಲೆನ್ಸರ್ ಪೈಪೂ ತೂಗಾಡುತ್ತೆ. ನಮ್ಮ ಗಾಡೀಲಿ ಸೈಲೆನ್ಸರ್ ಹಿಂದಿನ ಹ್ಯಾಂಗರ್ ರಬ್ಬರು ಒಂದು ಪೂರ್ತಿ ಸೀಳಿ ಹೋಗಿ, ಇನ್ನೊಂದು ಎಳೆದು ಉದ್ದ ಆಗಿ, ಪೈಪು ಕೆಳಗೆ ಇಳಿದು ಚಾಸಿಸ್ಸಿನ ಅಡ್ಡಪಟ್ಟಿಗೆ ಕೂದಲೆಳೆ ಅಂತರದಲ್ಲಿ ಇತ್ತು. ತಾಗ್ತಾ ಇದೆಯಾ ಇಲ್ವಾ ಅಂತ ಬರೀ ಕಣ್ಣಲ್ಲಿ ಗೊತ್ತಾಗಲ್ಲ, ಅದಕ್ಕೆ ಒಂದು ಉಪಾಯ ಮಾಡ್ದೆ, ಎಲೆಅಡಿಕೆಗೆ ಹಚ್ಚೋ ಸುಣ್ಣನ ನೀರಲ್ಲಿ ಕಲಸಿ ಅನುಮಾನ ಇರೋ ಜಾಗಕ್ಕೆಲ್ಲಾ ಬೆರಳಲ್ಲಿ ಬಳಿದು ಒಣಗಿಸಿ ಗಾಡಿ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟೆ. ತಾಗೋ ಜಾಗದಲ್ಲಿ ಸುಣ್ಣ ಉಜ್ಜಿ ಹೋಗಿ ಕಬ್ಬಿಣ ಫಳಫಳ ಅಂತಿತ್ತು. ಈ ಸುಣ್ಣದ ಉಪಾಯ ನನಗೆ ಆಮೇಲೂ ತುಂಬಾ ಉಪಯೋಗಕ್ಕೆ ಬಂತು. ಹ್ಯಾಂಗರ್ ರಬ್ಬರು ಎರಡೂ ಹೊಸದು, ಮಂಡ್ಯದಲ್ಲೇ ಸಿಕ್ತು, ಸೈಲೆನ್ಸರ್ ತಣ್ಣಗಾದ್ಮೇಲೆ ಸೋಪು ನೀರು ಹಚ್ಚಿ ಟಾಮೀಲಿ (ಕಬ್ಬಿಣದ ಸಲಾಕೆ) ಎಳೆದು ಹಾಕಿದೆ, ಪೈಪು ಮೇಲೆ ಬಂತು, ಅಡ್ಡಪಟ್ಟಿಗೂ ಪೈಪಿಗೂ ಎರಡು ಬೆರಳು ಜಾಗ. ಜರ್ರ್ ಹೋಯ್ತು, ಠಣ್ಣೂ ಹೋಯ್ತು.

ಆದ್ರೆ ಕಟಕಟ ಸದ್ದು ನನ್ನ ಎರಡು ಭಾನುವಾರ ತಿಂತು.

ಕಬ್ಬಿಣದ ಚಾಸಿಸ್ಸು ಒಂದು ದೊಡ್ಡ ವೀಣೆ ಇದ್ದಂಗೆ, ಎಲ್ಲೋ ಮೀಟಿದ್ರೆ ಇನ್ನೆಲ್ಲೋ ಕೇಳುತ್ತೆ. ಎಡಗಡೆ ಹಿಂದಿನ ಚಕ್ರದ ಹತ್ರ ಅಂತ ಮೂರು ಜನ ಬೆಟ್ಟು ಮಾಡಿ ತೋರಿಸಿದ್ದು ಕೊನೆಗೆ ಬಲಗಡೆ ಸಿಕ್ತು. ನಾನು ಕೇಳೋಕೆ ಬಳಸಿದ್ದು ತೋಟದಲ್ಲಿ ಉಳಿದಿದ್ದ 16 ಎಂಎಂ ಡ್ರಿಪ್ ಪೈಪು, ಎರಡು ಮೀಟರ್ ತುಂಡು. ಒಂದು ತುದಿ ಕಿವಿ ಹತ್ರ ಹಿಡ್ಕೊಂಡು ಇನ್ನೊಂದು ತುದಿನ ಅನುಮಾನದ ಜಾಗದ ಹತ್ರ ಹಿಡಿದ್ರೆ ಸದ್ದು ಎಲ್ಲಿ ಜಾಸ್ತಿ ಎಲ್ಲಿ ಕಮ್ಮಿ ಅನ್ನೋದು ಸ್ಪಷ್ಟವಾಗಿ ಕೇಳುತ್ತೆ. ನಿಂತ ಗಾಡೀಲಿ ಮಾತ್ರ, ತಮ್ಮ ಹಿಂದಿನ ಬಂಪರ್ ಮೇಲೆ ಹತ್ತಿ ಕುಣಿಯೋನು, ನಾನು ಪಕ್ಕದಲ್ಲಿ ಕೂತು ಪೈಪು ಹಿಡಿಯೋನು. ಸ್ಟ್ಯಾಂಡ್ ಮೇಲೆ ಇರೋ ಗಾಡಿನ ಯಾರೂ ಕುಣಿಸಬಾರದು, ಈ ಕೆಲಸ ಮಾಡೋವಾಗ ನಾಕೂ ಚಕ್ರ ನೆಲದ ಮೇಲೇ ಇತ್ತು.

ಇನ್ನೊಂದು ವಿಧಾನ ಸೈಕಲ್ ಟ್ಯೂಬಿನದು. ಹಳೇ ಟ್ಯೂಬನ್ನ ಉದ್ದುದ್ದ ಸೀಳಿ ಇಟ್ಕೊಂಡು, ಅನುಮಾನ ಇರೋದಕ್ಕೆ ಒಂದೊಂದೇ ಬಿಗಿಯಾಗಿ ಸುತ್ತಿ ಓಡಿಸಿ ನೋಡೋದು. ಒಂದು ಸಲಕ್ಕೆ ಒಂದೇ. ಮೂರು ಜಾಗಕ್ಕೆ ಒಟ್ಟಿಗೆ ಸುತ್ತಿ ಸದ್ದು ನಿಂತ್ರೆ ಯಾವುದರಿಂದ ನಿಂತಿತು ಅಂತ ಹೇಳೋಕಾಗಲ್ಲ. ಹಿಂಗೆ ಹ್ಯಾಂಡ್ ಬ್ರೇಕ್ ಕೇಬಲ್ಲಿಗೆ ಸುತ್ತಿದೆ, ಸ್ವಲ್ಪ ಕಮ್ಮಿ ಆಯ್ತು, ಅದರ ಕ್ಲಿಪ್ಪು ಬಿದ್ದು ಹೋಗಿ ಕೇಬಲ್ಲು ಚಾಸಿಸ್ಸಿಗೆ ಹೊಡೀತಿತ್ತು, ಕಟಕಟದಲ್ಲಿ ಸಣ್ಣ ಪಾಲು ಅದರದ್ದು. ಬ್ರೇಕ್ ಪೈಪಿನ ಕ್ಲಿಪ್ಪು ಸರಿಯಾಗಿತ್ತು. ಡೀಸೆಲ್ ಟ್ಯಾಂಕಿನ ಪಟ್ಟಿ ಅಡಿ ರಬ್ಬರು ಸರಿಯಾಗಿತ್ತು. ಫುಟ್‌ಬೋರ್ಡಿನ ಒಂದು ಬೋಲ್ಟು ಲೂಸು, ಟೈಟ್ ಮಾಡ್ದೆ. ಹೊಸ ಶಾಕ್ ಅಬ್ಸಾರ್ಬರಿನ ಕೆಳಗಿನ ನಟ್ಟು ಕೈಯಲ್ಲೇ ಅರ್ಧ ಸುತ್ತು ತಿರುಗ್ತು, ಅದನ್ನ ನೋಡಿ ನನಗೆ ನಿಜವಾಗ್ಲೂ ಸಿಟ್ಟು ಬಂತು, ದುಡ್ಡು ತಗೊಂಡು ಹಾಕಿದ ಪಾರ್ಟು, ಒಂದು ನಟ್ಟು ಟೈಟ್ ಮಾಡೋ ತಾಳ್ಮೆ ಇಲ್ಲ ಅಂದ್ರೆ. ಅದರ ಮೇಲೆ ಕಬ್ಬಿನ ಟ್ರಾಕ್ಟರು ಓಡಾಡಿ ಗುಂಡಿ ಬಿದ್ದ ರಸ್ತೇಲಿ ಅವ್ವನ್ನ ಕೂರಿಸ್ಕೊಂಡು ಓಡಾಡಿದ್ದೀನಿ.

ಇಷ್ಟೆಲ್ಲಾ ಆದ್ಮೇಲೂ ತಮಟೆ ನಿಲ್ಲಲಿಲ್ಲ, ಅರ್ಧಕ್ಕೆ ಇಳೀತು ಅಷ್ಟೇ.

ಮೂರನೇ ಭಾನುವಾರ ಸ್ಪ್ರಿಂಗ್ ಪಟ್ಟೆಗಳ ಹತ್ರ ಬಂದೆ. ಈ ಗಾಡಿಗೆ ಹಿಂದೆ ಪಟ್ಟೆ ಸ್ಪ್ರಿಂಗು, ಒಂದರ ಮೇಲೊಂದು ಪಟ್ಟೆ ಜೋಡಿಸಿ ಮಧ್ಯ ಒಂದು ಬೋಲ್ಟು, ಎರಡು ಯು ಬೋಲ್ಟಲ್ಲಿ ಹೌಸಿಂಗಿಗೆ ಕಟ್ಟಿರ್ತಾರೆ, ಪಟ್ಟೆಗಳು ಚೆದುರದೆ ಇರ್ಲಿ ಅಂತ ಪಕ್ಕಕ್ಕೆ ಕ್ಲಿಪ್ಪು. 2013ರಲ್ಲಿ ಬೆಲ್ಲದ ಲೋಡಿಗೆ ಹಿಂದೆ ಕೂರುತ್ತೆ ಅಂತ ಅಪ್ಪ ಮಂಡ್ಯದಲ್ಲಿ ಎರಡೂ ಕಡೆ ಒಂದೊಂದು ಪಟ್ಟೆ ಜಾಸ್ತಿ ಹಾಕ್ಸಿದ್ರು. ಬಲಗಡೆ ಆ ಜಾಸ್ತಿ ಪಟ್ಟೆ ಹಿಡಿದಿದ್ದ ಕ್ಲಿಪ್ಪು ಮುರಿದು ಒಂದು ಕಾಲು ಮಾತ್ರ ಉಳಿದಿತ್ತು. ಖಾಲಿ ಗಾಡೀಲಿ ಪಟ್ಟೆಗಳ ತುದಿ ನಡುವೆ ಸಂದು, ಹಂಪು ಇಳಿದ ತಕ್ಷಣ ಆ ಪಟ್ಟೆ ಮೇಲಿನದಕ್ಕೆ ಹೋಗಿ ಬಡಿಯೋದು. ಲೋಡ್ ಹಾಕಿದ್ರೆ ಪಟ್ಟೆಗಳೆಲ್ಲಾ ಒತ್ತಿ ಒಂದಾಗುತ್ತೆ, ಬಡಿಯೋಕೆ ಜಾಗನೇ ಇರಲ್ಲ. ಅಪ್ಪ ಹೇಳಿದ್ದು ಇದೇ ಅಂತ ನಾನು ಅವತ್ತು ತುಂಬಾ ಖುಷಿಪಟ್ಟೆ, ಮೂರನೇ ಸದ್ದಿಗೂ ಇದೇ ಕಾರಣ ಅಂತ ಅಂದ್ಕೊಂಡು ಮಲಗಿದೆ. ಅಲ್ಲ. ಅದರ ಕಾರಣ ಬೇರೆ ಇತ್ತು.

ಜೊತೆಗೆ ಪಟ್ಟೆಯ ತುದಿನ ಚಾಸಿಸ್ಸಿಗೆ ಹಿಡಿದಿರೋ ಕೊಂಡಿ, ಅಂದ್ರೆ ಶ್ಯಾಕಲ್, ಅದರ ರಬ್ಬರ್ ಬುಷ್ಷೂ ಹೋಗಿತ್ತು, ಟಾಮಿ ಕೊಟ್ಟು ಮೀಟಿದ್ರೆ ಶ್ಯಾಕಲ್ಲು ಪಕ್ಕಕ್ಕೆ ಟಕ್ ಅಂತ ಆಡ್ತಿತ್ತು, ರಬ್ಬರು ಒಂದು ಕಡೆ ತಿಂದು ಮೊಟ್ಟೆ ಆಕಾರ ಆಗಿತ್ತು. ಹೊಸ ಬುಷ್ ಹಾಕಿದೆ. ಒಂದು ವಿಷಯ ಇಲ್ಲಿ ತುಂಬಾ ಜನ ತಪ್ಪು ಮಾಡ್ತಾರೆ, ರಬ್ಬರ್ ಬುಷ್ ಇರೋ ಬೋಲ್ಟನ್ನ ಗಾಡಿ ಎತ್ತಿರೋವಾಗ, ಚಕ್ರ ಜೋತಾಡ್ತಾ ಇರೋವಾಗ ಫುಲ್ ಟೈಟ್ ಮಾಡಬಾರದು. ಆ ಭಂಗೀಲಿ ರಬ್ಬರು ಹಿಡ್ಕೊಂಡ್ಬಿಟ್ರೆ ಗಾಡಿ ಕೆಳಗೆ ಇಳಿದಾಗ ಯಾವಾಗ್ಲೂ ತಿರುಚ್ಕೊಂಡೇ ಇರುತ್ತೆ, ಬೇಗ ಹರಿಯುತ್ತೆ. ಸುಮ್ನೆ ಕೈಬಿಗಿ ಮಾಡಿ, ಗಾಡಿ ಇಳಿಸಿ, ಭಾರ ಚಕ್ರದ ಮೇಲೆ ಕೂತ್ಮೇಲೆ ಕೊನೇ ಟೈಟು.

ಈಗ ಗುಂಯ್. ನನಗೆ ಮನಸ್ಸಿಗೆ ಹತ್ತಿದ್ದು ಇದೇ.

ಕಂಪನ ಹುಡುಕೋವಾಗ ಮೊದ್ಲು ಕೇಳ್ಕೋಬೇಕಾದ್ದು ಇದು ಯಾವುದರ ಜೊತೆ ಕಟ್ಟಿಕೊಂಡಿದೆ ಅಂತ. ಎಂಜಿನ್ ಸುತ್ತಿನ ಜೊತೇನಾ, ಗಾಡಿ ಸ್ಪೀಡಿನ ಜೊತೇನಾ. ಖಾಲಿ ರಸ್ತೇಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ 60ರಲ್ಲಿ ಐದನೇ ಗೇರಲ್ಲಿ ಹೋದೆ, ಗುಂಯ್ ಇತ್ತು. ನಾಕನೇ ಗೇರಿಗೆ ಇಳಿಸಿ ಅದೇ 60, ಎಂಜಿನ್ ಸುತ್ತು ಏರ್ತು, ಗುಂಯ್ ಬದಲಾಗ್ಲಿಲ್ಲ. ಕ್ಲಚ್ ತುಳಿದೆ, ಎಂಜಿನ್ ಐಡ್ಲಿಂಗಿಗೆ ಬಂತು, ಗುಂಯ್ ಹಂಗೇ. ಗಾಡಿ ನಿಲ್ಲಿಸಿ ಅಷ್ಟೇ ಆರ್‌ಪಿಎಂ ಕೊಟ್ರೆ ಏನೂ ಇಲ್ಲ. ಅಲ್ಲಿಗೆ ಎಂಜಿನ್ನು, ಕ್ಲಚ್ಚು, ಫೌಂಡೇಶನ್ ರಬ್ಬರು ಎಲ್ಲಾ ಲೆಕ್ಕದಿಂದ ಆಚೆ. ಈ ಪರೀಕ್ಷೆಗೆ ಹಿಡಿದಿದ್ದು ಐದು ನಿಮಿಷ, ಖರ್ಚು ಏನೂ ಇಲ್ಲ. ಇದನ್ನ ಮಾಡಿದ್ರೆ ಫೌಂಡೇಶನ್ ರಬ್ಬರಿನ ದುಡ್ಡು ಉಳೀತಿತ್ತು.

ಉಳಿದಿದ್ದು ಚಕ್ರ, ಹೌಸಿಂಗು, ಪ್ರೊಪೆಲ್ಲರ್ ಶಾಫ್ಟು (ಗೇರ್ ಬಾಕ್ಸಿಂದ ಹೌಸಿಂಗಿಗೆ ತಿರುಗೋ ಶಕ್ತಿ ಒಯ್ಯೋ ಉದ್ದನೆ ಕೊಳವೆ). ಚಕ್ರದಲ್ಲಿ ಒಂದು ವಿಷಯ ಮೊದ್ಲೇ ಸಿಕ್ಕಿತ್ತು, ಮುಂದಿನ ಬಲ ಚಕ್ರದ ರಿಮ್ ಒಳಗಡೆ ಗದ್ದೆ ಕೆಸರು ಒಣಗಿ ಇಟ್ಟಿಗೆ ಥರ ಅಂಟ್ಕೊಂಡಿತ್ತು, ಕೆರೆದು ತೆಗೆದ್ಮೇಲೆ 80ರಲ್ಲಿ ಸ್ಟೇರಿಂಗ್ ನಡುಗೋದು ನಿಂತಿತ್ತು. ಕೆಸರಲ್ಲಿ ಇಳಿಯೋ ಗಾಡಿ ಇರೋರು ವೀಲ್ ಬ್ಯಾಲೆನ್ಸಿಗೆ ಓಡೋ ಮುಂಚೆ ರಿಮ್ ಒಳಗೆ ಕೈ ಹಾಕಿ ನೋಡಿ. ಆದ್ರೆ ನೆಲದ ಗುಂಯ್ ಅದಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಮಾಡ್ದೆ. ಟೈರು 215/75 ಆರ್ 15, ಸುತ್ತಳತೆ ಹತ್ತಿರ ಹತ್ತಿರ 2.2 ಮೀಟರು. ಗಂಟೆಗೆ 60 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 16.7 ಮೀಟರು, ಚಕ್ರ ಸೆಕೆಂಡಿಗೆ ಏಳೂವರೆ ಸುತ್ತು. ಶಾಫ್ಟಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ತಮ್ಮ ಗಾಡಿನ ನಿಧಾನಕ್ಕೆ ತಳ್ಳಿದಾಗ ಪಕ್ಕದಿಂದ ಬಗ್ಗಿ ನೋಡಿ ಎಣಿಸ್ದೆ, ಚಕ್ರ ಒಂದು ಸುತ್ತು ಬರೋ ಹೊತ್ತಿಗೆ ಶಾಫ್ಟು ಹತ್ರ ಹತ್ರ ನಾಕು ಸುತ್ತು. ಅಂದ್ರೆ 60ರಲ್ಲಿ ಶಾಫ್ಟು ಸೆಕೆಂಡಿಗೆ 30 ಸುತ್ತು. ಫೋನಲ್ಲಿ ಕಂಪನ ಅಳೆಯೋ ಆಪ್ ಹಾಕ್ಕೊಂಡು, ಫೋನನ್ನ ಹಿಂದಿನ ಸೀಟಿನ ಕೆಳಗಿನ ನೆಲಕ್ಕೆ ಡಬಲ್ ಟೇಪಲ್ಲಿ ಅಂಟಿಸಿ, ತಮ್ಮ ರೆಕಾರ್ಡ್ ಮಾಡ್ದ. ಗ್ರಾಫಲ್ಲಿ ಸೆಕೆಂಡಿಗೆ ಏಳೂವರೆ ಕಂಪನದ ಹತ್ರ ಸಣ್ಣ ಉಬ್ಬು. 30ರ ಹತ್ರ ಏನೋ ಚೂರು. ಸೆಕೆಂಡಿಗೆ 60 ಕಂಪನದ ಆಸುಪಾಸಲ್ಲಿ, ಅಂದ್ರೆ ಶಾಫ್ಟಿನ ಒಂದು ಸುತ್ತಿಗೆ ಎರಡರ ಲೆಕ್ಕದಲ್ಲಿ, ಗೋಪುರ ಎದ್ದು ನಿಂತಂಗೆ ಒಂದು ಗೆರೆ. ಒಂದು ಎಚ್ಚರಿಕೆ, ನನ್ನ ಫೋನ್ ಸೆಕೆಂಡಿಗೆ 400 ಸಲ ಅಳೆಯುತ್ತೆ, ಸೆಕೆಂಡಿಗೆ 100 ಸಲ ಮಾತ್ರ ಅಳೆಯೋ ಫೋನಲ್ಲಿ 50ಕ್ಕಿಂತ ಮೇಲಿನ ಕಂಪನ ನಿಜವಾದ ಜಾಗದಲ್ಲಿ ಕಾಣಲ್ಲ, ಸುಳ್ಳು ಜಾಗದಲ್ಲಿ ಕಾಣುತ್ತೆ. ಆಪ್‌ನಲ್ಲಿ ಅದನ್ನ ಮೊದ್ಲು ನೋಡ್ಕೊಳ್ಳಿ.

ಚಕ್ರದ ಬ್ಯಾಲೆನ್ಸ್ ತಪ್ಪಿದ್ರೆ ಚಕ್ರದ ಒಂದು ಸುತ್ತಿಗೆ ಒಂದು ಹೊಡೆತ. ಶಾಫ್ಟು ಬೆಂಡ್ ಆಗಿದ್ರೆ, ಬ್ಯಾಲೆನ್ಸ್ ತಪ್ಪಿದ್ರೆ ಶಾಫ್ಟಿನ ಒಂದು ಸುತ್ತಿಗೆ ಒಂದು. ಶಾಫ್ಟಿನ ಒಂದು ಸುತ್ತಿಗೆ ಎರಡು ಹೊಡೆತ ಅಂದ್ರೆ ಮೊದ್ಲು ನೋಡಬೇಕಾದ್ದು ಜಾಯಿಂಟ್ ಕ್ರಾಸು, ಶಾಫ್ಟಿನ ತುದೀಲಿ ಕೋನದಲ್ಲೂ ತಿರುಗೋಕೆ ಬಿಡೋ ಅಡ್ಡ-ಉದ್ದ ಕಡ್ಡಿ ಆಕಾರದ ಕೀಲು. ಡಿಪ್ಲೊಮಾ ಓದೋವಾಗ ಹುಕ್ಸ್ ಜಾಯಿಂಟ್ ಅಂತ ಬೋರ್ಡ್ ಮೇಲೆ ಬಿಡಿಸಿ ಸೂತ್ರ ಬರೆಸಿದ್ರು, ಹದಿನೈದು ವರ್ಷ ಆದ್ಮೇಲೆ ಟ್ರಾಕ್ಟರ್ ಶೆಡ್ಡಲ್ಲಿ ಅದು ಎದುರಿಗೆ ಬಂದು ನಿಂತಿತು. ಕ್ರಾಸು ನೇರ ಇದ್ರೆ ತೊಂದರೆ ಇಲ್ಲ, ಕೋನದಲ್ಲಿ ತಿರುಗಿದ್ರೆ ಆಚೆ ಕಡೆ ಒಂದೇ ಸಮ ತಿರುಗಲ್ಲ, ಒಂದು ಸುತ್ತಲ್ಲಿ ಎರಡು ಸಲ ಜೋರಾಗುತ್ತೆ, ಎರಡು ಸಲ ನಿಧಾನ ಆಗುತ್ತೆ. ಅದಕ್ಕೇ ಶಾಫ್ಟಿನ ಎರಡೂ ತುದೀಲಿ ಒಂದೊಂದು ಕ್ರಾಸು, ಒಂದು ಮಾಡಿದ ಏರಿಳಿತನ ಇನ್ನೊಂದು ಉಲ್ಟಾ ಮಾಡಿ ಸಮ ಮಾಡುತ್ತೆ. ಆದ್ರೆ ಅದಕ್ಕೆ ಒಂದು ಮುಖ್ಯ ಷರತ್ತು, ಶಾಫ್ಟಿನ ಎರಡೂ ತುದಿಯ ಯೋಕಿನ (ಕ್ರಾಸನ್ನ ಹಿಡಿಯೋ ಕವಲು) ಕಿವಿಗಳು ಒಂದೇ ಗೆರೇಲಿ ಇರಬೇಕು. ಶಾಫ್ಟು ಮಧ್ಯ ಎರಡು ತುಂಡು, ಹಲ್ಲಿರೋ ಸ್ಲಿಪ್ ಜಾಯಿಂಟಲ್ಲಿ ಒಂದರೊಳಗೊಂದು ಕೂತಿರುತ್ತೆ. ಬಿಚ್ಚಿ ಹಾಕೋವಾಗ ಒಂದೆರಡು ಹಲ್ಲು ಆಚೀಚೆ ಕೂತ್ರೂ ಹೊರಗಿನಿಂದ ನೋಡೋಕೆ ಎಲ್ಲಾ ಸರಿಯಾಗೇ ಕಾಣುತ್ತೆ, ಆದ್ರೆ ಒಂದು ಕ್ರಾಸಿನ ತಪ್ಪನ್ನ ಇನ್ನೊಂದು ಪೂರ್ತಿ ತಿದ್ದಲ್ಲ.

ಹೋದ ವರ್ಷ ಅದೇ ಗ್ಯಾರೇಜಿನಲ್ಲಿ ಕ್ರಾಸ್ ಬದಲಾಯಿಸಿದ್ರು. ಬಿಲ್ಲು ಹುಡುಕಿ ನೋಡ್ದೆ, ಮಾರ್ಚಲ್ಲಿ. ಗುಂಯ್ ಶುರು ಆಗಿದ್ದು ಅದೇ ಬೇಸಿಗೇಲಿ.

ಆಗ ಅಪ್ಪನ ಮಾತು ಮತ್ತೆ ನೆನಪಾಯ್ತು. ಕಬ್ಬಿಗೆ ತಂದಿಟ್ಟಿದ್ದ 45 ಕೆಜಿ ಯೂರಿಯಾ ಮೂಟೆ ಎಂಟು ಇತ್ತು, 360 ಕೆಜಿ, ಹಿಂದೆ ಹೇರಿ ಅದೇ ರಸ್ತೇಲಿ ಅದೇ 60ರಲ್ಲಿ ಹೋದ್ವಿ. ಗುಂಯ್ ಅರ್ಧಕ್ಕಿಂತ ಕಮ್ಮಿ. ಮನೆಗೆ ಬಂದು ಮೂಟೆ ಇಳಿಸೋ ಮುಂಚೆ ಮತ್ತು ಇಳಿಸಿದ ಮೇಲೆ ಎರಡು ಸಲ ಫೋನಿನ ಮಟ್ಟದ ಆಪಲ್ಲಿ ಶಾಫ್ಟಿಗೂ ಹೌಸಿಂಗಿನ ಫ್ಲೇಂಜಿಗೂ (ಶಾಫ್ಟ್ ಬೋಲ್ಟ್ ಹಾಕಿ ಕೂರಿಸೋ ತಟ್ಟೆ) ಇರೋ ಕೋನ ಅಳೆದೆ. ಲೋಡಲ್ಲಿ 5 ಡಿಗ್ರಿ, ಖಾಲೀಲಿ 8. ಜಾಸ್ತಿ ಪಟ್ಟೆಯಿಂದ ಹಿಂದಿನ ಭಾಗ ಎತ್ತಿ ನಿಂತಿರೋದ್ರಿಂದ ಖಾಲಿ ಇದ್ದಾಗ ಕೋನ ಜಾಸ್ತಿ. 8 ಡಿಗ್ರೀಲಿ ಒಂದು ಕ್ರಾಸಿನ ವೇಗದ ಏರಿಳಿತ ಶೇಕಡಾ 1ರಷ್ಟು, 5 ಡಿಗ್ರೀಲಿ 0.4. ಕೋನ ಅರ್ಧ ಆದ್ರೆ ಏರಿಳಿತ ಕಾಲುಭಾಗ ಆಗುತ್ತೆ, ಅಷ್ಟು ಬೇಗ ಇಳಿಯುತ್ತೆ ಅದು. ಶೇಕಡಾ 1 ಅಂದ್ರೆ ಏನು ಮಹಾ ಅನ್ನಿಸ್ಬೋದು, ಆದ್ರೆ ಸೆಕೆಂಡಿಗೆ 60 ಸಲ ಹೌಸಿಂಗನ್ನ ಹಿಡಿದು ಜಗ್ಗಿದ್ರೆ ನೆಲ ಪೂರ್ತಿ ಹಾಡುತ್ತೆ. 2013ರಿಂದ ಪಟ್ಟೆ ಇತ್ತು, ಆಗ ಯಾಕೆ ಗುಂಯ್ ಇರ್ಲಿಲ್ಲ ಅಂದ್ರೆ ಕಿವಿಗಳು ಒಂದೇ ಗೆರೇಲಿ ಇದ್ವು, ಒಂದರ ತಪ್ಪನ್ನ ಇನ್ನೊಂದು ನುಂಗ್ತಾ ಇತ್ತು. ಎರಡೂ ಸೇರಿದಾಗ ಮಾತ್ರ ಸದ್ದು.

ಕಟಕಟಕ್ಕೆ ಲೋಡ್ ಇದ್ರೆ ಪಟ್ಟೆ ಒತ್ತಿಕೊಳ್ಳೋದು ಕಾರಣ, ಗುಂಯ್‌ಗೆ ಲೋಡ್ ಇದ್ರೆ ಕೋನ ಇಳಿಯೋದು ಕಾರಣ. ಅಪ್ಪನ ಒಂದೇ ಮಾತಲ್ಲಿ ಎರಡು ಉತ್ತರ ಇತ್ತು. ಅಪ್ಪಂಗೆ ಹೋಗಿ ಇದನ್ನ ಹೇಳ್ದೆ, ಪೇಪರ್ ಮೇಲೆ ಬರೆದು ತೋರಿಸ್ದೆ. ಅವರು ಸುಮಾರು ಹೊತ್ತು ನೋಡಿ, "ಆ ಪಟ್ಟೆ ಹಾಕ್ಸಿದ್ದು ನಾನೇಯ. ಈಗ ಬೆಲ್ಲನೂ ಇಲ್ಲ, ಲೋಡೂ ಇಲ್ಲ, ತೆಗೆದ್ಬುಡು ಅದ್ನ" ಅಂದ್ರು. ತೆಗೀಲಾ ಅಂತ ನಾನಾಗೇ ಕೇಳೋಕೆ ನನಗೆ ಧೈರ್ಯ ಇರ್ಲಿಲ್ಲ.

ಐದನೇ ಭಾನುವಾರ ಬೆಳಗ್ಗೆ ಏಳಕ್ಕೆ ಶುರು. ಶಾಫ್ಟ್ ಬಿಚ್ಚೋ ಮುಂಚೆ ಒಂದು ಮುಖ್ಯ ವಿಷಯ, ಹಿಂದಿನ ಚಕ್ರದಲ್ಲಿ ಓಡೋ ಗಾಡೀಲಿ ಶಾಫ್ಟ್ ಬಿಚ್ಚಿದ ಮೇಲೆ ಗೇರಲ್ಲಿ ಹಾಕಿ ನಿಲ್ಲಿಸಿದ್ದೀನಿ ಅನ್ನೋದಕ್ಕೆ ಅರ್ಥ ಇಲ್ಲ, ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದು ಹೋಗಿರುತ್ತೆ. ಹಿಂದಿನ ಚಕ್ರ ಮೇಲಿದ್ರೆ ಹ್ಯಾಂಡ್ ಬ್ರೇಕೂ ಲೆಕ್ಕಕ್ಕಿಲ್ಲ. ಮುಂದಿನ ಚಕ್ರಕ್ಕೆ ಕೊಟ್ಟ ಮರದ ತುಂಡೇ ಗತಿ, ಅದನ್ನ ಎರಡೆರಡು ಸಲ ನೋಡ್ದೆ. ಎರಡೂ ಫ್ಲೇಂಜಿಗೆ ಬಿಳಿ ಪೇಂಟಲ್ಲಿ ಗುರುತು ಹಾಕಿ ಬೋಲ್ಟ್ ಬಿಚ್ಚಿ ಶಾಫ್ಟನ್ನ ಕೆಳಗೆ ಇಳಿಸಿ ಬೆಂಚ್ ಮೇಲೆ ಇಟ್ಟು, ಹಳೇ ಗ್ರೀಸು, ಮಣ್ಣು ಎಲ್ಲಾ ಡೀಸೆಲಲ್ಲಿ ತೊಳೆದೆ. ತೊಳೆದ ಮೇಲೆ ಕಾಣಿಸ್ತು, ಎರಡೂ ತುಂಡಿನ ಮೇಲೆ ಬಾಣದ ಗುರುತು ಕೊರೆದಿದ್ದಾರೆ, ಎರಡು ಬಾಣ ಎದುರುಬದುರು ಇರಬೇಕಿತ್ತು, ಎರಡು ಹಲ್ಲು ಪಕ್ಕಕ್ಕೆ ಇತ್ತು. ತಮ್ಮನ್ನ ಕರೆದು ತೋರಿಸ್ದೆ. ಅವನು ಫೋಟೋ ತೆಗೆದ.

ಜೊತೆಗೆ ಹಿಂದಿನ ಕ್ರಾಸಿನ ಒಂದು ಕಪ್ಪಿನ (ಬೇರಿಂಗ್ ಕೂತಿರೋ ಸಣ್ಣ ಬಟ್ಟಲು) ಸುತ್ತ ಕೆಂಪು ಪುಡಿ. ಆ ಪುಡಿ ಕಂಡ್ರೆ ಒಳಗೆ ಸೂಜಿ ಬೇರಿಂಗು ಗ್ರೀಸ್ ಇಲ್ಲದೆ ಒಣಗಿ ತುಕ್ಕು ಉದುರಿಸ್ತಾ ಇದೆ ಅಂತ ಅರ್ಥ, ಕೈಯಲ್ಲಿ ಅಲ್ಲಾಡಿಸಿದ್ರೆ ಆಟ ಗೊತ್ತಾಗದೇ ಇರಬಹುದು, ಪುಡಿ ಸುಳ್ಳು ಹೇಳಲ್ಲ. ಹೊಸ ಕ್ರಾಸ್ ಶನಿವಾರವೇ ತಂದಿಟ್ಕೊಂಡಿದ್ದೆ, ಹಾಕಿಸೋಕೆ ಮೈಸೂರು ಬನ್ನಿಮಂಟಪದ ಹತ್ರ ಒಂದು ಲೇಥ್ ಅಂಗಡಿಗೆ ಹೋದೆ, ಭಾನುವಾರ ಬೆಳಗ್ಗೆ ಅರ್ಧ ಶಟರ್ ಎತ್ತಿ ಕೆಲಸ ಮಾಡ್ತಿದ್ರು. ಮೇಸ್ತ್ರಿ ಸುತ್ತಿಗೇಲಿ ಬಡೀಲಿಲ್ಲ, ಪ್ರೆಸ್ಸಲ್ಲಿ ಮೆತ್ತಗೆ ಕೂರಿಸಿದ್ರು, ಲಾಕ್ ನಾಕೂ ಅದರದರ ಗ್ರೂವಿಗೆ ಕೂತಿದೆಯಾ ಅಂತ ಸ್ಕ್ರೂಡ್ರೈವರಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ರು. ಶಾಫ್ಟಿಗೆ ವೆಲ್ಡ್ ಮಾಡಿರೋ ಸಣ್ಣ ತಗಡಿನ ತುಂಡನ್ನ ತೋರಿಸಿ, "ಇದು ಬ್ಯಾಲೆನ್ಸ್‌ದು ಸಾರ್, ತುಕ್ಕು ಅಂತ ಯಾರೂ ಕೀಳ್ದಂಗೆ ನೋಡ್ಕೊಳ್ಳಿ" ಅಂದ್ರು. ಅಂಥ ಕೈ ನೋಡಿದ್ರೆ ಮನಸ್ಸಿಗೆ ಸಮಾಧಾನ.

ಮನೆಗೆ ಬಂದು ಸ್ಲಿಪ್ ಜಾಯಿಂಟಿಗೆ ಹೊಸ ಗ್ರೀಸ್ ತುಂಬಿ, ಬಾಣಕ್ಕೆ ಬಾಣ ಕೂರಿಸಿ, ಪೇಂಟ್ ಗುರುತಿಗೆ ಫ್ಲೇಂಜ್ ಕೂರಿಸಿ ಕಟ್ಟಿದೆ. ಕ್ರಾಸಿನ ಗ್ರೀಸ್ ನಿಪ್ಪಲ್ಲಿಗೆ ಗ್ರೀಸ್ ಗನ್ ಕೊಟ್ಟು ನಾಕೂ ಕಪ್ಪಿನ ಅಂಚಲ್ಲಿ ಹೊಸ ಗ್ರೀಸು ಇಣುಕೋ ತನಕ ಹೊಡೆದೆ, ಮೂರರಲ್ಲಿ ಬಂದು ಒಂದರಲ್ಲಿ ಬರಲಿಲ್ಲ ಅಂದ್ರೆ ಆ ಒಂದು ಒಣಗೇ ಇರುತ್ತೆ. ಆಮೇಲೆ ಎರಡೂ ಕಡೆ ಜಾಸ್ತಿ ಪಟ್ಟೆ ತೆಗೆದೆ. ಕಟ್ಟು ತೆಳ್ಳಗಾಗೋದ್ರಿಂದ ಸೆಂಟರ್ ಬೋಲ್ಟು ಚಿಕ್ಕದು ಬೇಕು, ಯು ಬೋಲ್ಟೂ ಹೊಸದೇ ಹಾಕಿದೆ, ಒಂದು ಸಲ ಎಳೆದು ಬಿಗಿದ ಯು ಬೋಲ್ಟು ಹಳೇ ಹಿಡಿತ ಮತ್ತೆ ಕೊಡಲ್ಲ. ನಾಕೂ ನಟ್ಟು ಒಂದೇ ಸಲ ಒಂದನ್ನ ಪೂರ್ತಿ ಬಿಗಿಯದೆ ಅಡ್ಡಡ್ಡ ಸ್ವಲ್ಪ ಸ್ವಲ್ಪ, ಟಾರ್ಕ್ ರೆಂಚಲ್ಲಿ. ಮುರಿದ ಕ್ಲಿಪ್ಪಿನ ಬದಲು ಹೊಸ ಕ್ಲಿಪ್ಪು. ಸಂಜೆ ಆರೂವರೆ.

ಓಡಿಸೋಕೆ ಅಪ್ಪನ್ನೂ ಕರ್ಕೊಂಡು ಹೋದೆ. 50, 55, 60. ಅವರು ಏನೂ ಮಾತಾಡ್ಲಿಲ್ಲ, ಚಪ್ಪಲಿ ಬಿಟ್ಟು ಬರಿಗಾಲು ನೆಲಕ್ಕೆ ಊರಿ ಕೂತಿದ್ರು. 65 ದಾಟಿದ ಮೇಲೆ "ಇಲ್ಲ ಕಣಪ್ಪ" ಅಂದ್ರು. ಫೋನಲ್ಲಿ 60ರ ಹತ್ರ ಇದ್ದ ಗೆರೆ ಆರರಲ್ಲಿ ಒಂದು ಭಾಗಕ್ಕೆ ಬಂದಿದೆ, ಕಾಲಿಗೆ ಗೊತ್ತಾಗಲ್ಲ. ಖಾಲಿ ಗಾಡೀಲಿ ಕೋನ ಈಗ 6 ಡಿಗ್ರಿ.

ಒಟ್ಟು ಖರ್ಚು ಹ್ಯಾಂಗರ್ ರಬ್ಬರು, ಬುಷ್ಷು, ಕ್ರಾಸು, ಲೇಥ್ ಕೂಲಿ, ಯು ಬೋಲ್ಟು ಎಲ್ಲಾ ಸೇರಿ 4,300.

ಪಟ್ಟೆ ತೆಗೆದ ಮೇಲೆ ನಾನು ಯೋಚನೆ ಮಾಡದೇ ಇದ್ದಿದ್ದು ಒಂದು ಆಯ್ತು, ಹಿಂದೆ ಒಂದೂವರೆ ಇಂಚು ಇಳಿದಿದ್ದರಿಂದ ಮುಂದಿನ ಲೈಟು ಮೇಲೆದ್ದು ಎದುರು ಬರೋರ ಕಣ್ಣಿಗೆ ಹೊಡೀತಿತ್ತು, ಎರಡು ದಿನ ಎಲ್ಲರೂ ಡಿಪ್ ಮಾಡಿ ಅಂತ ಫ್ಲ್ಯಾಶ್ ಕೊಟ್ಮೇಲೆ ಗೊತ್ತಾಯ್ತು. ಶೆಡ್ ಗೋಡೆಗೆ ಗೆರೆ ಎಳೆದು ಲೈಟ್ ಇಳಿಸ್ದೆ. ಪಟ್ಟೆ ತೆಗೆಯೋರು ಅವತ್ತೇ ಇದನ್ನೂ ಮಾಡ್ಬಿಡಿ. 500 ಕಿಲೋಮೀಟರ್ ಆದ್ಮೇಲೆ ಯು ಬೋಲ್ಟ್ ಮತ್ತೆ ಚೆಕ್ ಮಾಡ್ದೆ, ಎಡಗಡೆ ಎರಡು ನಟ್ಟು ಚೂರು ತಿರುಗ್ತು, ಬಿಗಿದೆ. ಇನ್ನು ಹಿಂದಿನ ಡೋರಲ್ಲಿ ಸ್ಟೆಪ್ನಿ ಹತ್ರ ಸಣ್ಣದಾಗಿ ಟಿಕ್ ಟಿಕ್ ಅಂತಿದೆ, ಉಳಿದಿದ್ದೆಲ್ಲಾ ಸುಮ್ಮನಾದ ಮೇಲೆ ಅದು ಕೇಳಿಸೋಕೆ ಶುರು ಆಗಿದ್ದು, ಟ್ಯೂಬ್ ಸೀಳಿ ಇಟ್ಟಿದ್ದೀನಿ.